ಬೇರೆಯವರು ಮುಗಿಸಿದ ಮಾತುಗಳು

ಡೊಂಬಿವಲಿಯಲ್ಲಿ ಗಾಡಿ ಹತ್ತುವಾಗ ಪುಂಡರೀಕಾಕ್ಷನ ತಲೆಯಲ್ಲಿದ್ದ ವಾಕ್ಯ 'ಪಾಪುವಿಗೆ ಬಲಗೈ ಬೇಡ, ಎಡಗೈಯಲ್ಲೇ ಬರೆಯಲಿ' ಎಂದಿತ್ತು. ದಿವಾ ದಾಟುವಾಗ 'ಪಾಪು' ಎಂಬ ಶಬ್ದ ಬಿದ್ದುಹೋಯಿತು, ಏಕೆಂದರೆ ಉಗ್ಗುವ ಅವನಿಗೆ ಪಕಾರ ಹುಟ್ಟು ಶತ್ರು. ಮುಂಬ್ರಾದ ಗುಡ್ಡ ಕಾಣುವಷ್ಟರಲ್ಲಿ ಬಲಗೈ, ಬೇಡ, ಬರೆಯಲಿ ಎಲ್ಲವೂ ಒಂದೊಂದಾಗಿ ಇಳಿದುಹೋದವು. ಬಕಾರವೂ ತುಟಿಯದ್ದೇ, ಒಮ್ಮೆ ತುಟಿ ಕಚ್ಚಿಕೊಂಡಿತೆಂದರೆ ದೇವರು ಬಂದರೂ ಬಿಡಿಸಲಾರರು. ಕೊನೆಗೆ ಉಳಿದದ್ದು 'ಎಡಗೈಯೇ ಇರಲಿ' ಎಂಬುದಷ್ಟೇ. ಎರಡೂ ಸ್ವರದಿಂದ ಶುರುವಾಗುವ ಮಾತು, ಬಾಯಿ ತೆರೆದರೆ ಸಾಕು. ಅವನು ಅದನ್ನು ಮನಸ್ಸಿನೊಳಗೆ ಹಿಂದೆ ಮುಂದೆ ಹೊರಳಿಸಿ ನೋಡಿದ. ಪಕ್ಕದಲ್ಲಿ ಹೆಂಡತಿ ಮುಕ್ತಾ, ಮೊಮ್ಮಗಳ ಅಕ್ಷರಾಭ್ಯಾಸಕ್ಕೆಂದು ಮಾಡಿದ ಸಜ್ಜಿಗೆಯ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ತೂಕಡಿಸುತ್ತಿದ್ದಳು. ದಸರೆಯ ರಜೆ, ಗಾಡಿಯಲ್ಲಿ ಜನವಿಲ್ಲ. ಬಾಗಿಲ ಕಂಬಿಗೆ ಯಾರೋ ಕಟ್ಟಿದ ಚೆಂಡುಹೂವಿನ ಸರ ಗಾಳಿಗೆ ಹೊಡೆದುಕೊಂಡು ಎಸಳು ಉದುರಿಸುತ್ತಿತ್ತು. ಇಷ್ಟು ಖಾಲಿ ಲೋಕಲ್ಲಿನಲ್ಲಿ ಕೂತು ಹೋಗುವ ಭಾಗ್ಯ ವರ್ಷಕ್ಕೊಮ್ಮೆ ಬರುವುದು, ಅದನ್ನೂ ತಾನು ಎರಡು ಶಬ್ದಗಳ ಚಿಂತೆಯಲ್ಲಿ ಹಾಳು ಮಾಡಿಕೊಳ್ಳುತ್ತಿದ್ದೇನೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಾರದವನಿಗೂ ಜಗಳವಿಲ್ಲ ಎಂಬುದನ್ನು ಪುಂಡರೀಕಾಕ್ಷ ಅರವತ್ತು ದಾಟುವವರೆಗೆ ಬಾಳಿ ತೋರಿಸಿದ್ದ. ಅವನು ಯಾರಿಗೂ ಎದುರಾಡಿದವನಲ್ಲ. ಎದುರಾಡುವುದಕ್ಕೆ ವೇಗ ಬೇಕು. ಅವನು 'ಅಲ್ಲ' ಎನ್ನುವಷ್ಟರಲ್ಲಿ ಎದುರಿನವರು ಗೆದ್ದು, ಚಹಾ ಕುಡಿದು, ಹೋಗಿಬಿಟ್ಟಿರುತ್ತಿದ್ದರು. ಹರೆಯದಲ್ಲಿ ಒಮ್ಮೆ ಕಲ್ಯಾಣಕ್ಕೆ ಟಿಕೆಟ್ ಕೇಳಲು ಕಿಂಡಿಯ ಮುಂದೆ ನಿಂತಾಗ ಕಕಾರ ಗಂಟಲಲ್ಲಿ ಕೂತುಬಿಟ್ಟಿತು. ಹಿಂದಿನ ಸಾಲು 'ಅರೆ ಚಲೋ ಭಾಯ್' ಎಂದು ಗೊಣಗತೊಡಗಿದಾಗ ಅವನು ಬೆವತು 'ಅಂಬರ್‌ನಾಥ್' ಎಂದುಬಿಟ್ಟ. ಇನ್ನೂ ಮುಂದಿರುವ ಅಂಬರ್‌ನಾಥದ ಟಿಕೆಟ್ ಹಿಡಿದು ಕಲ್ಯಾಣದಲ್ಲಿ ಇಳಿದ. ಆಮೇಲೆ ಅದೇ ರೂಢಿಯಾಯಿತು. ಬೇಕಾದದ್ದನ್ನು ಬಿಟ್ಟು ಹೇಳಲು ಬರುವುದನ್ನು ಕೊಂಡ. ಮಗಳಿಗೆ ಪದ್ಮಿನಿ ಎಂದು ಹೆಸರಿಡುವ ಆಸೆಯಿತ್ತು, ಅಪರ್ಣಾ ಎಂದಿಟ್ಟ. ಮುಕ್ತಾಳನ್ನು ಮಾತ್ರ ಬೇಕೆಂದೇ ಒಪ್ಪಿದ್ದು, ಮಕಾರದ ಮೇಲೆ ಸ್ವಲ್ಪ ಹೊತ್ತು ಗುಂಯ್‌ಗುಟ್ಟುತ್ತ ನಿಲ್ಲಬಹುದು ಎಂಬುದು ಅದಕ್ಕೆ ಒಂದು ಹೆಚ್ಚಿನ ಅನುಕೂಲ. ಮೊಮ್ಮಗಳಿಗೆ ಹೆಸರಿಡುವಾಗ ಅವನನ್ನು ಯಾರೂ ಕೇಳಲಿಲ್ಲ. ಪ್ರಣೀತಾ ಎಂದಿಟ್ಟರು. ತುಟಿ ಕಚ್ಚುವ ಪಕಾರ, ಅದರ ಬೆನ್ನಿಗೇ ರಕಾರ. ತೊಟ್ಟಿಲ ಪಕ್ಕ ನಿಂತು ಅವನು ಮನಸ್ಸಿನಲ್ಲೇ ಕೈಮುಗಿದ. ಅಂದಿನಿಂದ ಅವಳು ಅವನಿಗೆ ಅಮ್ಮಿ.

ಅಮ್ಮಿಗೆ ಈಗ ನಾಲ್ಕು ತುಂಬಿದೆ. ಅಪರ್ಣಾ ಬೇಲಾಪುರದ ಬ್ಯಾಂಕಿಗೆ, ಅಳಿಯ ಮನೀಶ ಅಂಧೇರಿಯ ಆಫೀಸಿಗೆ ಹೋಗುವುದರಿಂದ ವಾರದ ದಿನಗಳಲ್ಲಿ ಪುಂಡರೀಕಾಕ್ಷನೇ ಅವರ ನೆರೂಳದ ಮನೆಗೆ ಬಂದು ನರ್ಸರಿಯ ಬಸ್ಸಿನಿಂದ ಅವಳನ್ನು ಇಳಿಸಿ ಕರೆತಂದು, ಉಣ್ಣಿಸಿ, ಸಂಜೆಯವರೆಗೆ ನೋಡಿಕೊಳ್ಳುತ್ತಾನೆ. ಅವಳು ಹುಟ್ಟಾ ಎಡಗೈಯವಳು. ಚಮಚ, ಕ್ರೇಯಾನ್, ಅಜ್ಜನ ಮೂಗು, ಎಲ್ಲವನ್ನೂ ಹಿಡಿಯುವುದು ಎಡಗೈಯಿಂದ. ಅವಳ ಜೊತೆ ಅವನಿಗೆ ಉಗ್ಗು ಕಡಿಮೆ. ನಾಯಿಯ ಹತ್ತಿರ, ದೇವರ ಹತ್ತಿರ, ಹಾಡುವಾಗ, ಮಕ್ಕಳ ಹತ್ತಿರ ಅದು ತಾನಾಗಿ ಸಡಿಲಾಗುತ್ತದೆ. ಬಂದರೂ ಅವಳಿಗೆ ಅದು ವಿಚಿತ್ರವಲ್ಲ, ಅಜ್ಜನಿಗೆ ಕನ್ನಡಕ ಇರುವ ಹಾಗೆ ಇದೂ ಇದೆ. ಅಜ್ಜನ ಸೋದರಮಾವನ ಹೋಟೆಲಿನ ಕತೆಗಳೆಂದರೆ ಅವಳಿಗೆ ಪ್ರಾಣ. ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಆ ಹೋಟೆಲಿನಲ್ಲಿ ಪುಂಡರೀಕಾಕ್ಷ ಹಣದ ಗಲ್ಲೆಯ ಮೇಲೆ ಕೂತು ಒಳಗಿನ ಭಟ್ಟರಿಗೆ ಆರ್ಡರು ಕೂಗುತ್ತಿದ್ದದ್ದು ರಾಗದಲ್ಲಿ. 'ದೋನ್ ಸಾದಾ, ಏಕ್ ಮೈಸೂರ್, ತೀನ್ ಇಡ್ಲಿ ವಡಾ ಸಾಂಬಾರ್ ಮೇ ಡುಬಾಕೇ.' ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಅದೇ ಬಾಯಿಗೆ ಗಿರಾಕಿಯ ಹತ್ತಿರ ಉಪ್ಪಿಟ್ಟು ಮುಗಿಯಿತು ಎನ್ನಲು ಬರುತ್ತಿರಲಿಲ್ಲ. ಬಂದವರು ಅವನ ಮುಖ ನೋಡಿಯೇ 'ಖತಮ್?' ಎಂದು ಮುಗಿಸಿಬಿಡುತ್ತಿದ್ದರು. ಅಮ್ಮಿಗೆ ಆ ರಾಗವನ್ನು ಹೇಳಿಕೊಡುತ್ತಿದ್ದ. ಇಬ್ಬರೂ ನೆರೂಳದ ಬಾಲ್ಕನಿಯಲ್ಲಿ ನಿಂತು ಕೆಳಗಿನ ವಾಚ್‌ಮನ್ನನಿಗೆ ಇಲ್ಲದ ದೋಸೆಗಳ ಆರ್ಡರು ಕೂಗುತ್ತಿದ್ದರು.

ಮಳೆಗಾಲದಲ್ಲಿ ಅಮ್ಮಿಗೂ ಶುರುವಾಯಿತು. ಒಂದು ದಿನ ಬಸ್ಸಿನಿಂದ ಇಳಿದವಳು 'ಅ ಅ ಅ' ಎಂದು ನಿಂತಳು. ಮುಂದಿನದು ಬರಲಿಲ್ಲ. ಅವಳ ಕಣ್ಣಲ್ಲಿ ಒಂದು ಸಣ್ಣ ಆಶ್ಚರ್ಯ ಮೂಡಿದ್ದನ್ನು ಅವನು ನೋಡಿದ. ಆ ಆಶ್ಚರ್ಯದ ಪರಿಚಯ ಅವನಿಗಿತ್ತು. ನಮ್ಮದೇ ಮನೆಯ ಬಾಗಿಲು ನಮಗೇ ತೆರೆಯದಿದ್ದರೆ ಆಗುವಂಥದ್ದು. ಆ ಸಂಜೆ ಅವನು ಠಾಣೆಯಲ್ಲಿ ಗಾಡಿ ಬದಲಿಸುವುದನ್ನು ಮರೆತು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೇ ಇದ್ದ. ತಲೆಯ ಮೇಲಿನ ಧ್ವನಿವರ್ಧಕದ ಹೆಂಗಸು ಮೂರು ಭಾಷೆಗಳಲ್ಲಿ ಗಾಡಿಗಳ ಹೆಸರು ಹೇಳುತ್ತಲೇ ಇದ್ದಳು, ಒಂದು ಕಡೆಯೂ ಎಡವದೆ. ಮಗುವಿಗೆ ಎಷ್ಟೋ ಕೊಡಬಹುದಿತ್ತು ಎಂದುಕೊಂಡ. ಒಳ್ಳೆಯ ಹಲ್ಲು ಇತ್ತು ತನ್ನಲ್ಲಿ, ಲೆಕ್ಕದ ಬುದ್ಧಿ ಇತ್ತು. ಅವೆಲ್ಲ ಬಿಟ್ಟು ಇದನ್ನೇ ಆರಿಸಿ ಕೊಟ್ಟ ಹಾಗಾಯಿತಲ್ಲ.

ಅಳಿಯನ ತಾಯಿಯ ಹೆಸರು ಶ್ರೀಮತಿ. ಪಕ್ಕದ ಸೀವುಡ್ಸಿನಲ್ಲಿ ಹಿರಿಮಗನ ಜೊತೆ ಇರುವವರು, ಧಾರವಾಡದ ಕಡೆಯವರು. ಮಾತು ಮನಸ್ಸು ಎರಡೂ ನೇರ. ಕೆಲವು ವಾರಗಳ ಹಿಂದೆ ಬಂದವರು ಅವನಿಗೆ ತಾವೇ ಚಹಾ ಮಾಡಿ ಕೊಟ್ಟು ಎದುರು ಕೂತರು. 'ಬೀಗರ, ತಪ್ಪು ತಿಳೀಬ್ಯಾಡ್ರಿ. ಹುಡುಗಿ ಈಗ ಮಾತು ಕಲಿಯೋ ವಯಸ್ಸು. ಸಣ್ಣ ಮಕ್ಕಳು ಕೇಳಿದ್ದನ್ನ ಹಿಡೀತಾವ. ನೀವು ಆಕೀ ಮುಂದ ಸ್ವಲ್ಪ... ಅಂದ್ರ, ಟಿವಿ ಹಚ್ಚಿ ಕೂಡಸ್ರಿ, ಆಟ ಆಡಸ್ರಿ. ಮಾತು ಕಡಿಮಿ ಮಾಡಿದ್ರ ಛಲೋ ಅಂತ ನನಗ ಅನಸ್ತದ.' ಹೇಳುವಾಗ ಅವರ ಮುಖದಲ್ಲಿ ಸಂಕಟವೇ ಇತ್ತು, ಕೆಟ್ಟತನವಿರಲಿಲ್ಲ. ಅದೇ ಕಷ್ಟವಾದದ್ದು. ಕೆಟ್ಟತನವಿದ್ದಿದ್ದರೆ ಮನಸ್ಸಿನಲ್ಲಾದರೂ ಬೈದುಕೊಳ್ಳಬಹುದಿತ್ತು. ಅವನು ತಲೆಯಾಡಿಸಿದ. ಚಹಾ ಚೆನ್ನಾಗಿದೆ ಎಂದು ಕೈಯಲ್ಲಿ ತೋರಿಸಿದ. ಮರುದಿನದಿಂದ ಅಮ್ಮಿಯ ಜೊತೆ ಮಾತು ನಿಲ್ಲಿಸಿದ.

ಮೊದಮೊದಲು ಅವಳು ಅದನ್ನು ಹೊಸ ಆಟ ಅಂದುಕೊಂಡಳು. ತಾನೂ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಉತ್ತರ ಕೊಟ್ಟಳು, ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ನರ್ಸರಿಯಲ್ಲಿ ಕಲಿತ ಹಿಂದಿಯಲ್ಲೇ 'ಅಜ್ಜ, ಕಹಾನಿ' ಎಂದು ಕತೆ ಕೇಳಿ ಅಂಗಿ ಜಗ್ಗಿದಳು. ಅವನು ಟಿವಿಯ ಕಡೆ ಕೈ ತೋರಿಸಿದ. ಇನ್ನೂ ಕೆಲವು ದಿನ ಕಳೆದ ಮೇಲೆ ಜಗ್ಗುವುದನ್ನೂ ಬಿಟ್ಟಳು. ಬಸ್ಸಿನಿಂದ ಇಳಿದು ಅವನ ಬೆರಳು ಹಿಡಿದು ಸುಮ್ಮನೆ ನಡೆಯುವಳು, ಸುಮ್ಮನೆ ಉಣ್ಣುವಳು. ಅವಳು ಮಾತೇ ಆಡದ್ದರಿಂದ ಉಗ್ಗುವುದೂ ಕಡಿಮೆಯಾಯಿತು. ಅದನ್ನು ನೋಡಿ ಶ್ರೀಮತಿ 'ನೋಡ್ರಿ, ಎಷ್ಟ್ ಸುಧಾರಣಿ!' ಎಂದು ಸಂತೋಷಪಟ್ಟರು. ಅಪರ್ಣಾಗೂ ಸಮಾಧಾನವಾಯಿತು. ಅವನು ಮಾತು ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ, ಮುಕ್ತಾಳ ಗಮನಕ್ಕೂ. ಉಗ್ಗುವವನ ಮೌನವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಸಂಜೆ ವಾಪಸು ಬರುವಾಗ ಅವನಿಗೆ ಗಂಟಲು ನೋಯುತ್ತಿತ್ತು. ದಿನವಿಡೀ ಮಾತಾಡಿದವರಿಗೆ ನೋಯುವ ಹಾಗೆ.

ಠಾಣೆಯಲ್ಲಿ ಬದಲಿಸಿದ ಗಾಡಿ ಐರೋಲಿ ದಾಟಿತು. ಮುಕ್ತಾ ಕಣ್ಣು ಬಿಟ್ಟು 'ಎಂತ ಯೋಚನೆ?' ಎಂದಳು. 'ಎ... ಎ...' ಎಂದ. 'ಏನಿಲ್ಲವಾ? ಸರಿ' ಎಂದು ಅವಳೇ ಮುಗಿಸಿ ಮತ್ತೆ ಕಣ್ಣು ಮುಚ್ಚಿದಳು. ಮೂವತ್ತು ವರ್ಷ ಮಿಕ್ಕಿದ ಸಂಸಾರದಲ್ಲಿ ಅವನ ವಾಕ್ಯಗಳನ್ನು ಮುಗಿಸಿದ್ದು ಹೆಚ್ಚಾಗಿ ಅವಳೇ. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ಮುಗಿಸುತ್ತಾಳೆ. ಉಳಿದದ್ದನ್ನು ಅವನು ಅವಳು ಹೇಳಿದ ಹಾಗೇ ಇರಲಿ ಎಂದು ಬಿಡುತ್ತಾನೆ. ಕಾಫಿ ಬೇಕಿದ್ದಾಗ ಕಷಾಯ ಕುಡಿದದ್ದುಂಟು. ಪ್ರೀತಿ ಎಂದರೆ ಅದೂ ಹೌದು. ಈಗ ಅವನು ಹೇಳಹೊರಟದ್ದು 'ಎಡಗೈಯ ವಿಷಯ' ಎಂದು.

ಠಾಣೆಯ ನೌಪಾಡಾದಲ್ಲಿ ಮಾತಿನ ಚಿಕಿತ್ಸೆ ಮಾಡುವ ಜಯಲತಾ ಮಂಗಳೂರಿನವಳು. ಕಳೆದ ಶನಿವಾರ ಅಪರ್ಣಾ ಅಮ್ಮಿಯನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವನೂ ಜೊತೆಗಿದ್ದ. ಅಮ್ಮಿ ನೆಲದ ಮೇಲೆ ಎಡಗೈಯಲ್ಲಿ ಗೋಪುರ ಕಟ್ಟುತ್ತಿದ್ದಳು. ಅಪರ್ಣಾ ತಗ್ಗಿದ ದನಿಯಲ್ಲಿ ಕೇಳಿದಳು. 'ಇಂಟರ್ನೆಟ್ಟಿನಲ್ಲಿ ಓದಿದೆ ಮೇಡಂ, ಎಡಗೈಗೂ ಇದಕ್ಕೂ ಸಂಬಂಧ ಉಂಟಂತೆ. ನಮ್ಮ ಅಪ್ಪನೂ ಚಿಕ್ಕದಿರುವಾಗ ಎಡಗೈ. ಅಜ್ಜಿ ಬದಲಿಸಿದ್ದಂತೆ. ಆಮೇಲೆಯೇ ಇವರಿಗೆ...' ಅವನು ಗೋಡೆಯ ಮೇಲಿದ್ದ ಮಿದುಳಿನ ಚಿತ್ರವನ್ನು ನೋಡುತ್ತ ಕೂತ. ಜಯಲತಾ ನಕ್ಕಳು. 'ಹಿಂದೆ ಹಾಗೇ ಹೇಳ್ತಿದ್ರು. ಈಗ ಯಾರೂ ಅಷ್ಟು ಗಟ್ಟಿಯಾಗಿ ಹೇಳುದಿಲ್ಲ. ಮಾತಿನ ಕೆಲಸ ಹೆಚ್ಚಿನವರಿಗೆ ಮಿದುಳಿನ ಎಡಭಾಗದಲ್ಲಿ. ಎಡಗೈಯವರಲ್ಲಿಯೂ ಸುಮಾರು ಜನಕ್ಕೆ ಎಡಭಾಗವೇ. ಉಗ್ಗುವವರು ಮಾತಾಡುವಾಗ ಸ್ಕ್ಯಾನ್ ಮಾಡಿ ನೋಡಿದ್ರೆ ಬಲಭಾಗವೂ ಜೋರು ಕೆಲಸ ಮಾಡ್ತಾ ಇರ್ತದೆ. ಅದು ಅಡ್ಡ ಬರ್ತಾ ಉಂಟಾ, ಸಹಾಯಕ್ಕೆ ಬಂದದ್ದಾ ಅಂತ ಇನ್ನೂ ವಾದ ಉಂಟು. ಸಹಾಯಕ್ಕೇ ಬಂದದ್ದು ಅಂತ ಹೇಳುವವರು ಕಡಿಮೆ ಇಲ್ಲ. ಮನೆತನದಲ್ಲಿ ಬರ್ತದೆ, ಅದು ಹೌದು. ಮತ್ತೆ ಇದು ನೆಗಡಿ ಅಲ್ಲ ಮಾರಾಯ್ರೆ, ಕೇಳಿದ್ರೆ ಅಂಟುದಿಲ್ಲ.' ಆಮೇಲೆ ಅವನ ಕಡೆ ತಿರುಗಿ, 'ಅವಳ ಹತ್ರ ಜಾಸ್ತಿ ಮಾತಾಡುದು ನೀವೇ ಅಲ್ವಾ?' ಎಂದಳು. ಅಪರ್ಣಾ 'ಹೌದು ಹೌದು, ಅಜ್ಜ ಮೊಮ್ಮಗಳದ್ದೇ ದರಬಾರು' ಎಂದು ಮುಗಿಸಿದಳು. ಪುಂಡರೀಕಾಕ್ಷ ನೆಲ ನೋಡಿದ. ಅಮ್ಮಿ ಗೋಪುರದ ಮೇಲೆ ಇಡಬೇಕಿದ್ದ ತುಂಡನ್ನು ಕೈಯಲ್ಲೇ ಹಿಡಿದು ಅವನನ್ನೇ ನೋಡುತ್ತಿದ್ದಳು.

ಸಹಾಯಕ್ಕೆ ಬಂದದ್ದು ಎಂಬ ಮಾತು ಅವನನ್ನು ಬಿಡಲಿಲ್ಲ. ಗಲ್ಲೆಯ ಮೇಲೆ ಗಲಾಟೆ ಹೆಚ್ಚಾದರೆ ಒಳಗಿನ ಭಟ್ಟರು ದೋಸೆ ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದರು. ಪಾಪ, ಸಹಾಯಕ್ಕೇ. ಇಬ್ಬರೂ ಒಂದೇ ಡ್ರಾವರಿಗೆ ಕೈ ಹಾಕಿ ಚಿಲ್ಲರೆ ನೆಲಕ್ಕೆ ಚೆಲ್ಲುತ್ತಿತ್ತು. ತನ್ನ ತಲೆಯೊಳಗೂ ಇಷ್ಟು ವರ್ಷ ಒಬ್ಬ ಭಟ್ಟರು ಹಾಗೆ ಓಡಿ ಬರುತ್ತಿದ್ದರೇನೋ ಎಂದು ಯೋಚಿಸಿ ಅವನಿಗೆ ನಗು ಬಂತು, ಕಣ್ಣೂ ತುಂಬಿತು. ಆದರೆ ಕೈ ಕಾರಣವಲ್ಲವೆಂದಾದರೆ ಅಮ್ಮನ ಮೇಲಿನ ದೂರು ಏನಾಗಬೇಕು? ಅಮ್ಮ ಹೊಡೆದವಳಲ್ಲ, ಕಟ್ಟಿಹಾಕಿದವಳಲ್ಲ. ಎಡಗೈ ಚಾಚಿದರೆ ತನ್ನ ಮುಷ್ಟಿ ಮುಚ್ಚುತ್ತಿದ್ದಳು, ಬಲಗೈ ಚಾಚಿದರೆ ಎಳ್ಳುಂಡೆ. ವಿಜಯದಶಮಿಯ ದಿನ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವಾಗ 'ಇವತ್ತೊಂದು ದಿನ ಬಲಗೈ, ನನ್ನ ಚಿನ್ನ' ಎಂದಳು. ಆ ಒಂದು ದಿನ ಇನ್ನೂ ಮುಗಿದಿಲ್ಲ. ಗಲ್ಲೆಯ ಮೇಲೆ ಕೂತಮೇಲಂತೂ ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ ಗಿರಾಕಿ ಮುಖ ಸಿಂಡರಿಸುತ್ತಿದ್ದ, ಮಾವ ಗದರುತ್ತಿದ್ದ. ಎಡಗೈ ತೊಡೆಯ ಮೇಲೆ ಕೂತೇ ಮುದಿಯಾಯಿತು. ಉಗ್ಗಿದಾಗೆಲ್ಲ ಅವನು ಒಳಗೊಳಗೆ ಅಮ್ಮನನ್ನು ನೆನೆದು 'ನೋಡು, ನೀನು ಮಾಡಿದ್ದು' ಎನ್ನುತ್ತಿದ್ದ. ಅವಳು ಹೋಗಿ ಎಷ್ಟೋ ವರ್ಷವಾದರೂ ಆ ಸಣ್ಣ ಜಗಳದಿಂದ ಅವಳು ಹತ್ತಿರವೇ ಇದ್ದಳು. ಈಗ ಜಯಲತಾ ಬಂದು ಹಾಗೆ ಗಟ್ಟಿಯಾಗಿ ಹೇಳಲಾಗದು ಎಂದುಬಿಟ್ಟರೆ ಅವಳನ್ನು ಎಲ್ಲಿಡುವುದು? ಅಷ್ಟೇ ಅಲ್ಲ, ಇವತ್ತು ಅಮ್ಮಿಗೆ ಬಲಗೈ ಬೇಡ ಎನ್ನಲು ಅವನ ಹತ್ತಿರ ಇದ್ದ ಒಂದೇ ಆಧಾರವೂ ಹೋಯಿತು. ಕೈ ಬದಲಿಸಿದರೆ ಮಾತು ಕೆಡುತ್ತದೆ ಎಂದು ಹೇಳುವ ಹಾಗಿಲ್ಲ. ಕಾರಣವೇ ಇಲ್ಲದೆ ಬೇಡ ಎನ್ನಬೇಕು. ಕಾರಣವಿದ್ದಾಗಲೇ ಬೇಡ ಎನ್ನದವನು.

ನೆರೂಳದ ಮನೆಯಲ್ಲಿ ಬಾಗಿಲಿಗೆ ತೋರಣ, ಒಳಗೆ ತುಪ್ಪದ ವಾಸನೆ. ಶ್ರೀಮತಿ ಸೆರಗು ಸಿಕ್ಕಿಸಿಕೊಂಡು 'ಬರ್ರಿ ಬರ್ರಿ, ಹೊತ್ತಾತು, ನಿಮ್ಮ ದಾರೀನ ಕಾಯ್ತಿದ್ವಿ' ಎಂದು ಮುಕ್ತಾಳ ಕೈಯಿಂದ ಡಬ್ಬಿ ಇಸಿದುಕೊಂಡರು. ಹಿತ್ತಾಳೆಯ ಹರಿವಾಣದಲ್ಲಿ ಅಕ್ಕಿ ಹರಡಿಟ್ಟಿದ್ದರು, ಬದಿಯಲ್ಲಿ ಅರಿಸಿನದ ಕೊಂಬು. ಮನೀಶ ಕ್ಯಾಮೆರಾ ಹಿಡಿದು ಬೆಳಕು ಎಲ್ಲಿಂದ ಬರುತ್ತದೆ ಎಂದು ನೋಡುತ್ತಿದ್ದ. ಅಮ್ಮಿ ರೇಷ್ಮೆ ಲಂಗದಲ್ಲಿ ಸೋಫಾದ ತುದಿಗೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಅವನನ್ನು ಕಂಡು ನಕ್ಕಳು, ಓಡಿ ಬರಲಿಲ್ಲ. 'ಹಿರಿಯರು ನೀವು, ನಿಮ್ಮ ತೊಡಿ ಮ್ಯಾಲೇ ಕೂಡಸಬೇಕು' ಎಂದು ಶ್ರೀಮತಿ ಅವನನ್ನು ಮಣೆಯ ಮೇಲೆ ಕೂರಿಸಿದರು. ಆ ಮರ್ಯಾದೆ ಅವನಿಗೆ ಇರಿದ ಹಾಗಾಯಿತು. ಮಾತಾಡಬೇಡಿ ಎಂದವರೇ ಅಕ್ಷರ ಹೇಳಿಕೊಡಿ ಎನ್ನುತ್ತಿದ್ದಾರೆ, ಅವರ ಮನಸ್ಸಿನಲ್ಲಿ ಎರಡಕ್ಕೂ ವಿರೋಧವೇ ಇಲ್ಲ. ಅಮ್ಮಿ ಬಂದು ತೊಡೆಯ ಮೇಲೆ ಕೂತಳು. ಎಣ್ಣೆ ಹಚ್ಚಿದ ಕೂದಲು ಅವನ ಗಲ್ಲಕ್ಕೆ ತಾಗಿತು. ಅವಳ ಎಡಗೈ ತಾನಾಗಿಯೇ ಅರಿಸಿನದ ಕೊಂಬಿನ ಕಡೆ ಹೋಯಿತು.

'ಅಲ್ಲ ಪುಟ್ಟಾ, ಆ ಕೈ ಅಲ್ಲ' ಎಂದು ಶ್ರೀಮತಿ ಮೃದುವಾಗಿ ಆ ಕೈ ಸರಿಸಿ ಬಲಗೈಗೆ ಕೊಂಬು ಕೊಟ್ಟರು. 'ಇವತ್ತ ಒಂದ ದಿನ ಬಲಗೈ. ನಾಳಿಂದ ನಿನ್ನ ಮನಸ್ಸು ಬಂದಂಗ ಬರಿ. ಸರಸ್ವತಿ ಮುಂದ ಎಡಗೈ ಛಂದ ಕಾಣೂದಿಲ್ಲ.' ಅಪರ್ಣಾ ಏನೋ ಹೇಳಲು ಬಾಯಿ ತೆರೆದು ಅತ್ತೆಯ ಮುಖ ನೋಡಿ ಸುಮ್ಮನಾದಳು. ಬಲಗೈಯಲ್ಲಿ ಕೊಂಬು ಹಿಡಿದ ಅಮ್ಮಿ ಎಡಗೈಯನ್ನು ಮುಷ್ಟಿ ಮಾಡಿ ಲಂಗದ ಅಡಿಯಲ್ಲಿ ಬಚ್ಚಿಟ್ಟುಕೊಂಡಳು. ಯಾರೂ ಬಚ್ಚಿಡು ಎಂದಿರಲಿಲ್ಲ. ಪುಂಡರೀಕಾಕ್ಷ ಆ ಮುಷ್ಟಿಯನ್ನೇ ನೋಡಿದ. 'ಎ' ಎಂದ. ಸ್ವರ, ಸುಲಭದ ಸ್ವರ, ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ಹೊಳಪು ಮಾಡಿದ ಸ್ವರ. 'ಎ... ಎ...' ಕತ್ತಿನ ನರ ಉಬ್ಬುವುದು ತನಗೇ ತಿಳಿಯಿತು. ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ.

'ಎದ್ದೇಳಬೇಕಾ? ಕಾಲು ಜೋಮು ಹಿಡೀತಾ?' ಎಂದಳು ಮುಕ್ತಾ. 'ಎಲ್ಲಿ ನೋಡಬೇಕು ಅಂತ ಕೇಳ್ತಿದ್ದಾರೆ. ಇಲ್ಲಿ ಮಾವ, ಕ್ಯಾಮೆರಾ ಕಡೆ' ಎಂದ ಮನೀಶ. ಶ್ರೀಮತಿ ಇಬ್ಬರನ್ನೂ ತಳ್ಳಿಹಾಕಿ, 'ಎಳ್ಳಷ್ಟೂ ತಡಾ ಮಾಡಬ್ಯಾಡ್ರಿ, ಮುಹೂರ್ತ ಮೀರತದ ಅನ್ಲಿಕತ್ತಾರ. ಖರೇನ, ನಡೀರಿ, ಓಂ ಬರಸ್ರಿ' ಎಂದರು. ಮಾತು ಮುಗಿದುಹೋಯಿತು. ಇಷ್ಟು ವರ್ಷ ಮುಗಿದ ಹಾಗೇ, ಎಲ್ಲರ ಸಹಾಯದಿಂದ, ಎಲ್ಲರ ಪ್ರೀತಿಯಿಂದ. ಅವನ ಬಲಗೈ ಅಮ್ಮಿಯ ಬಲಗೈಯ ಮೇಲೆ ಹೋಗಿ ಕೂತಿತು. ಕಾಲು ಜೋಮು ಹಿಡಿದಿದೆ ಎಂದೇ ಒಪ್ಪಿಕೊಳ್ಳೋಣ ಎನಿಸಿತು ಅವನಿಗೆ. ಒಪ್ಪಿಕೊಳ್ಳುವುದು ಎಷ್ಟು ಸುಲಭ.

'ಅ ಅ ಅರೇ, ರುಕೋ ನಾ!'

ಅಮ್ಮಿ ಕೊಂಬನ್ನು ಅಕ್ಕಿಯ ಮೇಲೆ ಬಿಟ್ಟು ಎಲ್ಲರ ಕಡೆ ತಿರುಗಿದ್ದಳು. ಹುಬ್ಬು ಗಂಟಿಕ್ಕಿತ್ತು. 'ಅಜ್ಜ ಕಾ ಬಾತ್ ಖ ಖ ಖತಮ್ ನಹೀ ಹುವಾ.'

ಹೌದು, ಅಜ್ಜನ ಮಾತು ಮುಗಿದಿರಲಿಲ್ಲ. ಮನೀಶ ಕ್ಯಾಮೆರಾ ಕೆಳಗಿಳಿಸಿದ. ಅವಳು ಕತ್ತು ಹೊರಳಿಸಿ ಅವನ ಮುಖ ನೋಡುತ್ತ ಕಾದಳು. ಅವಸರವಿರಲಿಲ್ಲ ಆ ಮುಖದಲ್ಲಿ, ಮರುಕವೂ ಇರಲಿಲ್ಲ. ತನಗಾಗಿ ಯಾರಾದರೂ ಹೀಗೆ ಕಾದದ್ದುಂಟೇ ಎಂದು ಅವನಿಗೆ ನೆನಪಾಗಲಿಲ್ಲ. ಕಾಯುವವರಿದ್ದಾರೆ ಎಂದಾಗ ಹೊಳಪು ಮಾಡಿದ ಆ ಸಣ್ಣ ವಾಕ್ಯ ಬೇಡವೆನಿಸಿತು. ಇಷ್ಟೊಂದು ಜಾಗ ಇರುವಾಗ ಅಂಬರ್‌ನಾಥವೇಕೆ, ಕಲ್ಯಾಣಕ್ಕೇ ಹೋಗಬಹುದಲ್ಲ. ಅವನು ತುಟಿ ಕಚ್ಚಿದ ಬಕಾರವನ್ನೇ ಎತ್ತಿಕೊಂಡ.

'ಬ... ಬ... ಬಲಗೈ ಬೇಡ. ಇವತ್ತೂ ಬೇ... ಬೇಡ. ಕಾರಣ ನನಗೆ ಗೊತ್ತಿಲ್ಲ. ಡಾಕ್ಟ್ರು ಕೂಡ ಹೇಳಲಿಲ್ಲ. ಅವಳ ಕೈ ಅದು. ಬ... ಬಚ್ಚಿಡೂದು ಬೇಡ.'

ಎಷ್ಟು ಹೊತ್ತು ಹಿಡಿಯಿತೋ. ನಡುವೆ ಮುಕ್ತಾಳ ತುಟಿ ಎರಡು ಸಲ ಅಲುಗಿ ನಿಂತದ್ದನ್ನು ಅವನು ಕಂಡ. ಶ್ರೀಮತಿ 'ಆತ ಬಿಡ್ರಿ, ನಾ ಏನ್ ಕೂಸಿನ ಕೈ ಮುರೀಲಿಕ್ಕೆ ಬಂದೀನೇನು' ಎಂದು, ಬಗ್ಗಿ, ಹರಿವಾಣವನ್ನು ತಾವೇ ಎಡಕ್ಕೆ ಸರಿಸಿದರು. ಲಂಗದ ಅಡಿಯಿಂದ ಮುಷ್ಟಿ ಹೊರಗೆ ಬಂತು. ಅದರ ಮೇಲೆ ತನ್ನ ಎಡಗೈ ಇಡುವಾಗ ಅವನಿಗೆ ನಾಚಿಕೆಯಾಯಿತು. ಹಿಂಬಾಲಿಸಿದ್ದು ಅವನ ಕೈ, ದಾರಿ ತೋರಿಸಿದ್ದು ಅವಳದು. ಓಂಕಾರ ಸೊಟ್ಟಗೆ ಬಂತು, ಬಾಲ ಹರಿವಾಣದ ಅಂಚಿಗೆ ಹೋಗಿ ಅಕ್ಕಿ ನೆಲಕ್ಕೆ ಬಿತ್ತು. ಅಪರ್ಣಾ ಕಣ್ಣೊರೆಸಿಕೊಂಡು ನಕ್ಕಳು.

ಎಲ್ಲರೂ ಏಳಬೇಕೆನ್ನುವಾಗ ಅಮ್ಮಿ ಅವನ ಅಂಗಿಯ ಗುಂಡಿ ಹಿಡಿದು ತಿರುಚುತ್ತ ಕೇಳಿದಳು. 'ಅಜ್ಜ, ತುಮ್ ಮೇರೇ ಪೇ ಗು ಗು ಗುಸ್ಸಾ ಥಾ?'

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅಷ್ಟು ವಾರ ಬಸ್ಸಿನಿಂದ ಇಳಿದು ಸುಮ್ಮನೆ ನಡೆಯುವಾಗ ಅವಳು ಹೊತ್ತುಕೊಂಡಿದ್ದದ್ದು ಅದನ್ನು. ಅಜ್ಜನಿಗೆ ತನ್ನ ಮೇಲೆ ಸಿಟ್ಟು, ಯಾಕೆಂದು ತನಗೆ ಗೊತ್ತಿಲ್ಲ. ಪಾತ್ರೆ ಎತ್ತುತ್ತಿದ್ದ ಶ್ರೀಮತಿಯ ಕೈ ಅಲ್ಲೇ ನಿಂತಿತು. ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿದರು.

'ಇಲ್ಲ ಅಮ್ಮಿ' ಎಂದ. 'ಸಿ... ಸಿಟ್ಟಲ್ಲ. ನಂಗೆ ಹೆ... ಹೆ... ಹೆದರಿಕೆ.'

'ಕಿಸ್ಕಾ?'

'ನನ್ನ ಮಾತಿನದ್ದೇ.'

ಹೆದರಿಕೆ ಅಮ್ಮಿಗೆ ಗೊತ್ತಿದ್ದ ಸಂಗತಿ, ಲಿಫ್ಟಿಗೂ ಕುಕ್ಕರಿನ ಸೀಟಿಗೂ ಅವಳೂ ಹೆದರುತ್ತಾಳೆ. ಸರಿ ಎನ್ನುವಂತೆ ತಲೆಯಾಡಿಸಿ, ಅವನ ತೊಡೆಯ ಮೇಲೆ ಇನ್ನಷ್ಟು ಒಳಗೆ ಸರಿದು ಕೂತಳು. ಹೇಳುವುದು ಬಹಳ ಬಾಕಿ ಇರುವವರ ಹಾಗೆ ಉಸಿರೆಳೆದುಕೊಂಡಳು.

'ಅಜ್ಜ, ಸುನೋ. ನರ್ಸರಿ ಮೇ ಏಕ್ ಬಿ... ಬಿ... ಬಿ...'

ಬಿಲ್ಲಿ, ಅಂದರೆ ಬೆಕ್ಕಿರಬಹುದು, ಬಿಸ್ಕತ್ತಿರಬಹುದು. ಮುಕ್ತಾ ಬಾಯಿ ತೆರೆದಳು, ಶ್ರೀಮತಿ ಅವಳ ಮೊಣಕೈ ಹಿಡಿದು ಬೇಡವೆಂದು ತಲೆಯಾಡಿಸಿದರು. ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಯಿತು, ಯಾರೂ ಏಳಲಿಲ್ಲ. ಪುಂಡರೀಕಾಕ್ಷ ಅವಳ ಮುಖವನ್ನೇ ನೋಡುತ್ತ ಕಾದ. ಅವನಿಗೆ ಹೋಗಬೇಕಾದ ಊರು ಬೇರೆ ಇರಲಿಲ್ಲ.